ದೊರೆಯೊಬ್ಬ ದುಆ ಕೇಳಿದ ಪತ್ರಗಳು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಸೌಹಾರ್ದದ ಸಭೆ ಎಲ್ಲಿ ನಡೆದರೂ ಟಿಪ್ಪುವಿನ ಶೃಂಗೇರಿ ಪತ್ರಗಳ ಮಾತು ಬಂದೇ ಬರುತ್ತದೆ. ನಾನೂ ವೇದಿಕೆಯ ಮೇಲೆ ಅವುಗಳ ಹೆಸರೆತ್ತಿ ಚಪ್ಪಾಳೆ ಗಿಟ್ಟಿಸಿದವನೇ. ಟಿಪ್ಪುವಿನ ಪರ ಇರುವವರಿಗೆ ಅವು ಸಹಿಷ್ಣುತೆಯ ಪ್ರಮಾಣಪತ್ರ. ವಿರೋಧಿಗಳಿಗೆ ಬರೀ ರಾಜಕೀಯ. ಇಬ್ಬರೂ ಅವನ್ನು ಕೋರ್ಟಿನ ದಾಖಲೆಯಂತೆ ಹಿಡಿದು ನಿಂತಿದ್ದೇವೆ. ಪತ್ರಗಳನ್ನು ಪತ್ರಗಳಾಗಿ ಓದಿದವರು ಕಡಿಮೆ.

1791ರಲ್ಲಿ ಇಂಗ್ಲಿಷರು, ಮರಾಠರು, ನಿಜಾಮ ಒಟ್ಟಾಗಿ ಮೈಸೂರಿನ ಮೇಲೆ ಬಿದ್ದಿದ್ದರು. ಅದೇ ವರ್ಷ ಮರಾಠ ಸವಾರರ ದಂಡೊಂದು ಶೃಂಗೇರಿಗೆ ನುಗ್ಗಿ ಮಠವನ್ನು ದೋಚಿತು, ಜನರನ್ನು ಕೊಂದಿತು, ಶಾರದೆಯ ಮೂರ್ತಿಯನ್ನು ಕದಲಿಸಿತು. ಮೂರನೆಯ ಸಚ್ಚಿದಾನಂದ ಭಾರತೀ ಸ್ವಾಮಿಗಳು ಘಟ್ಟ ಇಳಿದು ಕಾರ್ಕಳ ಸೇರಿದರು. ಅವರಿಗೆ ಟಿಪ್ಪು ಕನ್ನಡದಲ್ಲಿ ಬರೆಸಿದ ಪತ್ರಗಳನ್ನು 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಬೆಳಕಿಗೆ ತಂದರು.

ಮೂರ್ತಿಯ ಪುನಃಪ್ರತಿಷ್ಠೆಗೆ ಹಣ, ಸಾಮಗ್ರಿ ಕೊಡಿಸಿದ ಸಂಗತಿ ಎಲ್ಲರಿಗೂ ಗೊತ್ತು. ನನ್ನನ್ನು ತಡೆದು ನಿಲ್ಲಿಸುವುದು ಬೇರೊಂದು. ಹಣ ಕೊಡುವಂತೆ ಅಧಿಕಾರಿಗೆ ಹೇಳುವಾಗ ಅವನು ದೊರೆ; ಅಲ್ಲಿ ಅಪ್ಪಣೆ ಸಾಕು. ರಾಜ್ಯದ ಒಳಿತಿಗಾಗಿ ಪ್ರಾರ್ಥಿಸಿ, ಶತಚಂಡಿ, ಸಹಸ್ರಚಂಡಿ ಜಪ ನಡೆಸಿ ಎನ್ನುವಾಗ ಅವನು ಕೇಳಿಕೊಳ್ಳಬೇಕಾದವನು. ಖಜಾನೆಯಿಂದ ಹೊನ್ನು ಹೊರಡಿಸಬಹುದು, ಪ್ರಾರ್ಥನೆಯನ್ನು ಹೊರಡಿಸಲಾಗದು.

1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, ಇಬ್ಬರು ಮಕ್ಕಳು ಒತ್ತೆಯಾಳುಗಳಾದರು. 1793ರ ಪತ್ರದಲ್ಲಿ ಅವನು ಸ್ವಾಮಿಗಳನ್ನು ಕೇಳುವುದಿಷ್ಟೇ: ತಮ್ಮಂಥವರಿರುವ ನಾಡಿನಲ್ಲಿ ಮಳೆ ಬೆಳೆ ಚೆನ್ನಾಗಿರುತ್ತದೆ, ಪರದೇಶದಲ್ಲಿ ಇಷ್ಟು ದಿನ ಏಕೆ, ಬೇಗ ಹಿಂದಿರುಗಿ. ಸೋತವನ ದನಿ ನನಗೆ ಇಲ್ಲಿ ಕೇಳಿಸುತ್ತದೆ.

ಒಕ್ಕಣೆ ದಫ್ತರದ ಗುಮಾಸ್ತನದಿರಬಹುದು ಎಂಬ ಆಕ್ಷೇಪ ನ್ಯಾಯವಾದದ್ದೇ. ಯುದ್ಧಕಾಲದಲ್ಲಿ ಪ್ರಜೆಗಳ ವಿಶ್ವಾಸ ಉಳಿಸಿಕೊಳ್ಳುವ ಲೆಕ್ಕವೂ ಇದ್ದೀತು. ಕೊಡಗು, ಮಲಬಾರಿನ ಜನ ಅವನ ಸೈನ್ಯದಿಂದ ಅನುಭವಿಸಿದ ನೋವನ್ನಂತೂ ಈ ಪತ್ರಗಳು ಅಳಿಸಲಾರವು. ಆದರೆ ಇವುಗಳ ಪಕ್ಕದಲ್ಲಿ ಅವನ ಕನಸಿನ ಪುಸ್ತಕವನ್ನಿಟ್ಟು ನೋಡಿ. ತನ್ನ 37 ಕನಸುಗಳನ್ನು ಅವನು ಸ್ವಂತ ಕೈಬರಹದಲ್ಲಿ, ಪಾರ್ಸಿಯಲ್ಲಿ, ಗುಟ್ಟಾಗಿ ಬರೆದಿಟ್ಟಿದ್ದ. ಅದನ್ನು ಯಾವ ಪ್ರಜೆಗೂ ತೋರಿಸಬೇಕಿರಲಿಲ್ಲ. ಅಲ್ಲಿಯೂ ಅದೇ ಹುಡುಕಾಟ: ನಾಳೆ ಏನಾದೀತು, ಅಲ್ಲಾಹನು ನನ್ನ ಜೊತೆಗಿದ್ದಾನೆಯೇ? ಹಗಲು ಶೃಂಗೇರಿಗೆ ಪತ್ರ ಬರೆಸಿದವನೂ ರಾತ್ರಿ ಕನಸು ಬರೆದುಕೊಂಡವನೂ ಒಬ್ಬನೇ ಎಂಬುದು ಎರಡನ್ನೂ ಒಟ್ಟಿಗೆ ಓದಿದಾಗ ತಿಳಿಯುತ್ತದೆ.

ಮುಸಲ್ಮಾನ ದೊರೆ ಚಂಡಿ ಜಪ ಮಾಡಿಸಿದ್ದು ಸರಿಯೇ ಎಂದು ಕೇಳುವವರಿದ್ದಾರೆ. ಆ ತೀರ್ಪು ಕೊಡುವ ಅರ್ಹತೆ ನನಗಿಲ್ಲ. ನಮ್ಮ ಮನೆಗೆ ಬರುತ್ತಿದ್ದ ಉರ್ದು ಕಾಗದಗಳೆಲ್ಲ ‘ದುಆ ಮೇ ಯಾದ್ ರಖ್‌ನಾ’ ಎಂದೇ ಮುಗಿಯುತ್ತಿದ್ದವು. ಕಷ್ಟದಲ್ಲಿ ಒಬ್ಬನೇ ಕೂತವನಿಗೆ ದೇವರು ದೂರವಾದಂತೆ ಕಾಣುತ್ತಾನೆ. ನನಗಾಗಿ ಬೇಡಿಕೋ ಎಂದು ಇನ್ನೊಬ್ಬರಿಗೆ ಹೇಳುವಾಗ ಕೇಳುವವನೊಬ್ಬ ಇದ್ದಾನೆಂದು ಆಗಲೇ ನಂಬಿರುತ್ತೇವೆ. ಶೃಂಗೇರಿ ಪತ್ರಗಳಲ್ಲಿ ನಾನು ಓದಿದ್ದು ಆ ನಂಬಿಕೆಯನ್ನು. ಮುಂದಿನ ಸಭೆಯಲ್ಲಿ ಚಪ್ಪಾಳೆಗಾಗಿ ಅವುಗಳ ಹೆಸರೆತ್ತಲು ನನಗೆ ಸಂಕೋಚವಾದೀತು.