ಮುಟ್ಟಿದ ಮೇಲೆ ಏನು?

1965ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಒಂದು ಪ್ರದರ್ಶನದ ಉದ್ಘಾಟನೆ. ಆಹ್ವಾನಿತ ಕಲಾವಿದರಲ್ಲಿ ಒಬ್ಬನಾದ ಹೆಲಿಯೊ ಒಯಿಟಿಸಿಕಾ ಒಬ್ಬನೇ ಬರಲಿಲ್ಲ. ಮಂಗೇಯ್ರಾ ಗುಡ್ಡದ ಕೊಳೆಗೇರಿಯಿಂದ ಸಾಂಬಾ ಕುಣಿತದವರನ್ನು ಕಟ್ಟಿಕೊಂಡು ಬಂದ. ಬಟ್ಟೆ, ಪ್ಲಾಸ್ಟಿಕ್, ಗೋಣಿತಾಟು ಸೇರಿಸಿ ಹೊಲಿದ ಹೊದಿಕೆಗಳನ್ನು ಅವರು ತೊಟ್ಟಿದ್ದರು. ಅವುಗಳಿಗೆ ಅವನಿಟ್ಟ ಹೆಸರು 'ಪರಂಗೋಲೆ'. ಮೊಳೆಗೆ ತೂಗುಹಾಕಿದರೆ ಅವು ಬರೀ ಬಟ್ಟೆ, ಯಾರಾದರೂ ತೊಟ್ಟು ಕುಣಿದಾಗಲೇ ಕೃತಿ ಪೂರ್ತಿಯಾಗುವುದು. ಸಂಗ್ರಹಾಲಯದವರು ಕುಣಿತದವರನ್ನು ಬಾಗಿಲಲ್ಲೇ ತಡೆದರು. ಅವರು ಹೊರಗಿನ ಅಂಗಳದಲ್ಲೇ ಕುಣಿದರು. ಸೇನೆ ಅಧಿಕಾರ ಹಿಡಿದು ಆಗ ಒಂದು ವರ್ಷವಾಗಿತ್ತು.

ನೋಡುಗರು ಕೈಹಾಕಿದರೆ ಮಾತ್ರ ಮುಗಿಯುವ ಕಲೆಯ ಚರಿತ್ರೆಯನ್ನು ನಾನು ಈ ಬಾಗಿಲಿನಿಂದಲೇ ಓದಲು ಇಷ್ಟಪಡುತ್ತೇನೆ. ಆಗ ತಡೆದಂಥ ಸಂಗ್ರಹಾಲಯಗಳೇ ಈಗ ಬನ್ನಿ, ಮುಟ್ಟಿ, ನಡೆದಾಡಿ, ಫೋಟೊ ತೆಗೆದುಕೊಳ್ಳಿ ಎಂದು ಕರೆಯುತ್ತವೆ. ಕರೆಯೋಲೆಗಳಲ್ಲಿ 'ಬದಲಾವಣೆಗಾಗಿ ಕಲೆ' ಎಂಬ ಮಾತು ತಪ್ಪದೆ ಇರುತ್ತದೆ. ಏನು ಬದಲಾಯಿತು, ಯಾರು ಬದಲಾಯಿಸಿದರು ಎಂದು ಕೇಳಿದರೆ ಎಷ್ಟು ಲಕ್ಷ ಜನ ಬಂದರು ಎಂಬ ಲೆಕ್ಕ ಕೊಡುತ್ತಾರೆ. ಜಾತ್ರೆಯಲ್ಲಿ ತೇರಿನ ಹಗ್ಗಕ್ಕೆ ಸಾವಿರ ಕೈ ಬೀಳುತ್ತವೆ, ಆದರೆ ತೇರು ಯಾವ ಬೀದಿಗೆ ತಿರುಗಬೇಕು, ಯಾವ ಕೇರಿಗೆ ಹೋಗಬಾರದು ಎಂದು ನಿರ್ಧರಿಸುವವರು ಬೇರೆಯೇ ಇರುತ್ತಾರೆ. ಪಾಲ್ಗೊಳ್ಳುವುದಕ್ಕೂ ಪಾಲು ಸಿಗುವುದಕ್ಕೂ ಇರುವ ಈ ಅಂತರವನ್ನು ನಮ್ಮ ಓದುಗರಿಗೆ ಹೊಸದಾಗಿ ವಿವರಿಸಬೇಕಿಲ್ಲ.

ಒಯಿಟಿಸಿಕಾನ ಜೊತೆಯ ಕಲಾವಿದೆ ಲಿಜಿಯಾ ಕ್ಲಾರ್ಕ್ 1960ರಿಂದ 'ಬಿಶೋಸ್' ಎಂಬ ಸರಣಿ ಮಾಡಿದಳು. ಕೀಲು ಜೋಡಿಸಿದ ಲೋಹದ ತಗಡುಗಳವು. ಕೈಯಲ್ಲಿ ಹಿಡಿದು ಮಡಚಬಹುದು, ಬಿಚ್ಚಬಹುದು. ಅವುಗಳಿಗೆ ಇದೇ ಸರಿಯಾದ ಆಕಾರ ಎಂಬುದಿಲ್ಲ. ಇಂದು ಮೂಲ ಕೃತಿಗಳು ಬಹುಪಾಲು ಕಡೆ ಗಾಜಿನೊಳಗೋ ಕಾವಲುಗಾರರ ಕಣ್ಣೆದುರಿಗೋ ಇರುತ್ತವೆ. ಮುಟ್ಟಲು ಬೇಕಾದರೆ ಕೆಲವೆಡೆ ನಕಲು ಇಟ್ಟಿರುತ್ತಾರೆ. ಬೆಲೆ ಏರಿದ ಮೇಲೆ ಕೈಗೆ ಕೊಡುವವರು ಯಾರು?

ತೊಂಬತ್ತರ ದಶಕದಲ್ಲಿ ಈ ಪರಂಪರೆಗೆ ಒಂದು ಸಿದ್ಧಾಂತ ಸಿಕ್ಕಿತು. ರಿರ್ಕ್ರಿತ್ ತಿರವನಿಜ ನ್ಯೂಯಾರ್ಕಿನ ಗ್ಯಾಲರಿಯಲ್ಲಿ ಒಲೆ ಹಚ್ಚಿ ಥಾಯ್ ಅಡುಗೆ ಬಡಿಸಿದ. ಅಡುಗೆ ಕಲೆಯಲ್ಲ, ಕೂಡಿ ಉಣ್ಣುವುದೇ ಕಲೆ ಎಂದರು. ಫ್ರಾನ್ಸಿನ ನಿಕೊಲಾ ಬೂರಿಯೊ 1998ರಲ್ಲಿ ಇಂಥ ಕೃತಿಗಳನ್ನೆಲ್ಲ ಸೇರಿಸಿ, ಸಂಬಂಧಗಳನ್ನು ಕಟ್ಟುವುದೇ ಇವುಗಳ ಸೌಂದರ್ಯ ಎಂದು ಪುಸ್ತಕ ಬರೆದ. 2004ರಲ್ಲಿ ವಿಮರ್ಶಕಿ ಕ್ಲೇರ್ ಬಿಷಪ್ ಅದಕ್ಕೆ ಕೊಟ್ಟ ಉತ್ತರ ಇಂದಿಗೂ ಮೊನಚಾಗಿಯೇ ಇದೆ. ಹೀಗೆ ಕೂಡಿದವರು ಯಾರು ಎಂದು ಆಕೆ ಕೇಳಿದಳು. ಒಂದೇ ವರ್ಗದ, ಒಂದೇ ಅಭಿರುಚಿಯ ಜನ ಒಂದೆಡೆ ಉಂಡರೆ ಅದು ಔತಣ, ಪ್ರಜಾಪ್ರಭುತ್ವಕ್ಕೆ ಭಿನ್ನಮತವೂ ಬೇಕು ಎಂಬುದು ಆಕೆಯ ವಾದದ ತಿರುಳು. ಬಿಷಪ್‌ಳ ಪಕ್ಷ ನನ್ನದೂ. ಆದರೆ ಭಿನ್ನಮತ ಇದ್ದಮಾತ್ರಕ್ಕೆ ಏನಾದರೂ ಬದಲಾಗುತ್ತದೆಂದು ನನಗೆ ಅನಿಸುವುದಿಲ್ಲ. ಆ ಭಿನ್ನಮತ ಯಾರನ್ನು ಉದ್ದೇಶಿಸಿದ್ದು, ಉತ್ತರ ಕೊಡಬೇಕಾದವರು ಯಾರು ಎಂಬುದು ಗೊತ್ತಿರಬೇಕು.

ತಂತ್ರಜ್ಞಾನದ ಕವಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 2012ರಲ್ಲಿ ಲಂಡನ್ನಿನ ಬಾರ್ಬಿಕನ್‌ನಲ್ಲಿ 'ರೇನ್ ರೂಮ್' ಬಂತು. ಸೆನ್ಸರ್ ನಿಮ್ಮನ್ನು ಗುರುತಿಸಿ, ನೀವು ನಿಂತಲ್ಲಿ ಮಳೆ ಬೀಳದಂತೆ ನೋಡಿಕೊಳ್ಳುತ್ತದೆ. ಜನ ಗಂಟೆಗಟ್ಟಲೆ ಸರತಿಯಲ್ಲಿ ನಿಂತರು. 2018ರಲ್ಲಿ ಟೋಕಿಯೊದಲ್ಲಿ ತೆರೆದ ಟೀಮ್‌ಲ್ಯಾಬ್‌ನ ಡಿಜಿಟಲ್ ಸಂಗ್ರಹಾಲಯಕ್ಕೆ ಮೊದಲ ವರ್ಷವೇ ಸುಮಾರು 23 ಲಕ್ಷ ಜನ ಬಂದರು. ಅಲುಗದೆ ನಿಂತರೆ ಸುತ್ತ ಹೂವು ಅರಳುತ್ತದೆ, ಮುಟ್ಟಿದರೆ ಉದುರುತ್ತದೆ. ಚೆನ್ನಾಗಿದೆ. ಮಕ್ಕಳಿಗಂತೂ ಹಬ್ಬ. ಆದರೆ ಇಲ್ಲಿ ಸ್ಪಂದಿಸುವುದು ಯಂತ್ರ, ನಾವಲ್ಲ. ನಾವು ಏನು ಮಾಡಿದರೂ ಅದರ ಪ್ರೋಗ್ರಾಮಿನೊಳಗೇ ಇರುತ್ತೇವೆ, ಅದು ನಮ್ಮಿಂದ ಏನನ್ನೂ ಕೇಳುವುದಿಲ್ಲ. ಟಿಕೆಟ್ ಕೊಂಡು ಖುಷಿಪಡುವುದರಲ್ಲಿ ತಪ್ಪೇನಿಲ್ಲ. ಅದಕ್ಕೆ ಪರಿವರ್ತನೆಯ ಪಟ್ಟ ಕಟ್ಟುವುದು ಅತಿಯಾಯಿತು.

ಓಲಾಫರ್ ಎಲಿಯಾಸನ್‌ನ 'ಐಸ್ ವಾಚ್' ಇದಕ್ಕಿಂತ ಗಟ್ಟಿ ಕೃತಿ, ಹಾಗಾಗಿ ಅದರ ಮೇಲಿನ ನನ್ನ ತಕರಾರೂ ಗಟ್ಟಿಯಾಗಿದೆ. 2015ರ ಹವಾಮಾನ ಶೃಂಗಸಭೆಯ ವೇಳೆ ಗ್ರೀನ್‌ಲ್ಯಾಂಡಿನಿಂದ ತಂದ ಹನ್ನೆರಡು ಮಂಜುಗಡ್ಡೆಗಳನ್ನು ಪ್ಯಾರಿಸ್ಸಿನ ಪಾಂಥಿಯಾನ್ ಎದುರು ಗಡಿಯಾರದ ಅಂಕಿಗಳಂತೆ ವೃತ್ತಾಕಾರವಾಗಿ ಇಟ್ಟರು. ಜನ ಮುಟ್ಟಿದರು, ತಬ್ಬಿದರು, ಕಿವಿ ಕೊಟ್ಟು ಆಲಿಸಿದರು. ಹಳೆಯ ಹಿಮದೊಳಗೆ ಸಿಕ್ಕಿಬಿದ್ದ ಗಾಳಿಗುಳ್ಳೆಗಳು ಕರಗುವಾಗ ಚಿಟಪಟ ಸದ್ದು ಮಾಡುತ್ತವೆ. 2018ರಲ್ಲಿ ಅದೇ ಕೃತಿ ಲಂಡನ್ನಿಗೆ ಬಂದಾಗ 24 ಗಡ್ಡೆಗಳು ಟೇಟ್ ಮಾಡರ್ನ್ ಹೊರಗೆ, ಇನ್ನಾರು ಬ್ಲೂಮ್‌ಬರ್ಗ್ ಸಂಸ್ಥೆಯ ಕಚೇರಿಯೆದುರು. ಕೈಗೆ ತಾಗಿದ ತಂಪು ಅಂಕಿಅಂಶಕ್ಕಿಂತ ಆಳಕ್ಕಿಳಿಯುತ್ತದೆಂಬ ಎಲಿಯಾಸನ್‌ನ ನಂಬಿಕೆ ಸುಳ್ಳಲ್ಲ. ಆದರೆ ಮುಟ್ಟಿದವನ ಕೈ ಒರೆಸಿದೊಡನೆ ಒಣಗುತ್ತದೆ. ಮುಂದೆ ಯಾರು ಏನು ಮಾಡಬೇಕು ಎಂಬುದನ್ನು ಕೃತಿ ಸೂಚಿಸುವುದಿಲ್ಲ. ಹಿಮ ಕರಗಲು ಕಾರಣರಾದವರೂ ಕರಗಿದ್ದಕ್ಕೆ ಮರುಗುವವರೂ ಒಂದೇ ಗಡ್ಡೆಯ ಮುಂದೆ ಒಂದೇ ಸೆಲ್ಫಿಯಲ್ಲಿ ನಿಲ್ಲಬಹುದು.

ಇದಕ್ಕೆ ಎದುರಾಗಿ ಒಂದು ಮೂಲೆಯಲ್ಲಿ ಸುರಿದ ಮಿಠಾಯಿ ರಾಶಿಯನ್ನು ನೋಡಿ. ಫೆಲಿಕ್ಸ್ ಗೊನ್ಸಾಲೆಸ್-ಟೊರೆಸ್ 1991ರಲ್ಲಿ ಮಾಡಿದ ಈ ಕೃತಿ ಅವನ ಸಂಗಾತಿ ರಾಸ್‌ನ ಭಾವಚಿತ್ರ. ರಾಸ್ ಅದೇ ವರ್ಷ ಏಡ್ಸ್‌ನಿಂದ ತೀರಿಕೊಂಡಿದ್ದ. ಬಣ್ಣಬಣ್ಣದ ಕಾಗದ ಸುತ್ತಿದ ಮಿಠಾಯಿಗಳ ಒಟ್ಟು ತೂಕ 175 ಪೌಂಡ್, ಅಂದರೆ ಸುಮಾರು 79 ಕಿಲೋ. ರಾಸ್ ಆರೋಗ್ಯವಾಗಿದ್ದಾಗಿನ ತೂಕ ಅದು ಎಂದು ಸಾಮಾನ್ಯವಾಗಿ ಅರ್ಥೈಸುತ್ತಾರೆ. ಬಂದವರು ಒಂದೊಂದು ತೆಗೆದುಕೊಳ್ಳಬಹುದು. ತೆಗೆದಷ್ಟೂ ಅವನು ಸೊರಗುತ್ತಾನೆ. ಕಾಗದ ಬಿಚ್ಚಿ ಬಾಯಿಗೆ ಹಾಕಿಕೊಂಡವರಿಗೆ ಸಿಹಿ, ಒಂದು ಗಳಿಗೆ ಬಿಟ್ಟು ಹೊಳೆಯುತ್ತದೆ ತಾವು ತಿಂದದ್ದು ಏನನ್ನು ಎಂದು. ಏಡ್ಸ್ ರೋಗಿಗಳು ಸಾಯುತ್ತಿದ್ದಾಗ ಅಮೆರಿಕದ ಸಮಾಜ ಸುಮ್ಮನೆ ನೋಡುತ್ತಿತ್ತು. ಆ ಸುಮ್ಮನಿರುವಿಕೆಯಲ್ಲಿ ನೋಡುಗನಿಗೂ ಪಾಲಿದೆ ಎಂದು ಕೃತಿ ಬಾಯಿಬಿಟ್ಟು ಹೇಳದೆ ತಿನ್ನಿಸಿಯೇ ತಿಳಿಸುತ್ತದೆ. ಇನ್ನೂ ಒಂದು ಸಂಗತಿ ಇದೆ: ರಾಶಿ ಕರಗಿದಾಗ ಮತ್ತೆ ತುಂಬಬಹುದು. ತುಂಬುವ ಹೊಣೆ ಕೃತಿಯನ್ನು ಇಟ್ಟುಕೊಂಡವರದು. ಹೀಗೆ ಕೊಂಡವರಿಗೂ ಕೆಲಸ ಹಚ್ಚುವ ಕೃತಿಗಳು ಕಲಾಲೋಕದಲ್ಲಿ ಬಹಳ ಇಲ್ಲ.

ಕೆಲಸ ಹಚ್ಚುವುದರಲ್ಲಿ ಯೋಸೆಫ್ ಬಾಯ್ಸ್‌ನನ್ನು ಮೀರಿಸಿದವರಿಲ್ಲ. 1982ರಲ್ಲಿ ಜರ್ಮನಿಯ ಕಾಸೆಲ್ ನಗರದ ಡಾಕ್ಯುಮೆಂಟಾ ಪ್ರದರ್ಶನಕ್ಕೆ ಅವನು ಫ್ರಿಡೆರಿಸಿಯಾನಮ್ ಸಂಗ್ರಹಾಲಯದೆದುರು 7,000 ಬಸಾಲ್ಟ್ ಕಲ್ಲುಕಂಬಗಳನ್ನು ರಾಶಿ ಹಾಕಿಸಿದ. ಷರತ್ತು ಒಂದೇ: ಊರಿನಲ್ಲಿ ಒಂದು ಗಿಡ ನೆಟ್ಟು ಅದರ ಪಕ್ಕ ಹೂಳಲು ಮಾತ್ರ ಒಂದು ಕಲ್ಲನ್ನು ಎತ್ತಬಹುದು. 500 ಮಾರ್ಕ್ ಕೊಟ್ಟವರ ಹೆಸರಲ್ಲಿ ಒಂದು ಗಿಡ. ಎರಡನೇ ಮಹಾಯುದ್ಧದ ಬಾಂಬುಗಳಿಗೆ ಸುಟ್ಟುಹೋಗಿ, ಆಮೇಲೆ ಅಗಲ ರಸ್ತೆಗಳ ಕಾಂಕ್ರೀಟಿನಲ್ಲಿ ಎದ್ದ ಊರು ಕಾಸೆಲ್. ಊರ ನಡುವೆ ಬಿದ್ದ ಕಲ್ಲುರಾಶಿ ಕಂಡು ಜನ ಬೈದರು. ಗಿಡ ನೆಟ್ಟರೆ ಕಾರು ನಿಲ್ಲಿಸಲು ಜಾಗ ಹೋಗುತ್ತದೆಂದು ಗೊಣಗಿದರು. ಆದರೆ ರಾಶಿ ಕಣ್ಣಿಗೆ ಬೀಳದಿರಬೇಕೆಂದರೆ ಗಿಡ ನೆಡುವುದೊಂದೇ ದಾರಿ. ಬೈಯುವವರ ಬೈಗುಳವೂ ಯೋಜನೆಗೆ ಗೊಬ್ಬರವಾಗುವಂತೆ ಹೂಡಿದ ಆಟ ಇದು.

ಹಣ ಹೊಂದಿಸಲು ಬಾಯ್ಸ್ ಪಟ್ಟ ಪಾಡಿನ ಕಥೆಯೇ ಬೇರೆ. ಜಪಾನಿನ ವಿಸ್ಕಿ ಕಂಪನಿಯ ಜಾಹೀರಾತಿನಲ್ಲೂ ಕಾಣಿಸಿಕೊಂಡ. ತನ್ನನ್ನೇ ಅವತಾರಪುರುಷನಂತೆ ಮೆರೆಸಿಕೊಳ್ಳುವ ಅವನ ಚಾಳಿ ನನಗೆ ಹಿಡಿಸುವುದಿಲ್ಲ, ಎಲ್ಲರೂ ಕಲಾವಿದರೇ ಎಂಬ ಅವನ ಘೋಷಣೆಯಲ್ಲಿ ಅವನೊಬ್ಬನೇ ಟೋಪಿ ಹಾಕಿಕೊಂಡು ಎದ್ದು ಕಾಣುತ್ತಾನೆ. ಆದರೆ 1986ರ ಜನವರಿಯಲ್ಲಿ ಅವನು ಸತ್ತ ಮೇಲೂ ಕೆಲಸ ನಿಲ್ಲಲಿಲ್ಲ. 1987ರಲ್ಲಿ ಕೊನೆಯ ಗಿಡವನ್ನು ಅವನ ಮಗ ನೆಟ್ಟ. ಜಾಗ ಹುಡುಕುವುದು, ನೆಲದಡಿಯ ಪೈಪು ಕೇಬಲ್ ಎಲ್ಲಿದೆ ನೋಡುವುದು, ನೀರು ಹಾಕುವುದು, ನಿವಾಸಿಗಳನ್ನು ಒಪ್ಪಿಸುವುದು, ಹೀಗೆ ಐದು ವರ್ಷ ನಗರಾಡಳಿತದ ದಿನನಿತ್ಯದ ಕೆಲಸದೊಳಗೆ ಕಲೆ ಸೇರಿಕೊಂಡಿತು. ಪಾಲ್ಗೊಳ್ಳುವಿಕೆ ಎಂಬ ಮಾತಿಗೆ ಇಷ್ಟು ತೂಕ ಕೊಟ್ಟ ಇನ್ನೊಂದು ಕೃತಿ ನನಗೆ ಹೊಳೆಯುತ್ತಿಲ್ಲ.

ಅಧಿಕಾರವನ್ನು ನೇರವಾಗಿ ಮುಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಕ್ಯೂಬಾದ ತಾನಿಯಾ ಬ್ರುಗೇರಾ ಸಾಕ್ಷಿ. 2009ರ ಹವಾನಾ ಬಿಯೆನಾಲೆ ಕಲಾಪ್ರದರ್ಶನದಲ್ಲಿ ಅವಳು ಒಂದು ವೇದಿಕೆ, ಒಂದು ಮೈಕು ಇಟ್ಟಳು. ಯಾರು ಬೇಕಾದರೂ ಒಂದು ನಿಮಿಷ ಏನು ಬೇಕಾದರೂ ಮಾತಾಡಬಹುದು. ಸೈನಿಕರ ಸಮವಸ್ತ್ರ ತೊಟ್ಟ ಇಬ್ಬರು ಮಾತಾಡುವವರ ಹೆಗಲ ಮೇಲೆ ಬಿಳಿ ಪಾರಿವಾಳ ಕೂರಿಸುತ್ತಾರೆ, ನಿಮಿಷ ಮುಗಿದೊಡನೆ ಕೆಳಗಿಳಿಸುತ್ತಾರೆ. 1959ರ ಫಿಡೆಲ್ ಕ್ಯಾಸ್ಟ್ರೊ ಭಾಷಣದಲ್ಲಿ ಪಾರಿವಾಳ ಹೆಗಲೇರಿದ್ದನ್ನು ಕ್ಯೂಬಾದವರಿಗೆ ನೆನಪಿಸಬೇಕಿಲ್ಲ. ಒಬ್ಬರು ಅತ್ತರು, ಕೆಲವರು ಸ್ವಾತಂತ್ರ್ಯ ಎಂದು ಕೂಗಿದರು. ಸಂಘಟಕರು ಆಮೇಲೆ ಖಂಡನೆಯ ಹೇಳಿಕೆ ಹೊರಡಿಸಿದರು. 2014ರ ಡಿಸೆಂಬರಿನಲ್ಲಿ ಅದೇ ಮೈಕನ್ನು ಹವಾನಾದ ಕ್ರಾಂತಿ ಚೌಕದಲ್ಲಿ ಇಡಲು ಹೊರಟಾಗ ಪೊಲೀಸರು ಬಂಧಿಸಿದರು, ಪಾಸ್‌ಪೋರ್ಟ್ ಕಿತ್ತುಕೊಂಡರು. ಗ್ಯಾಲರಿಯ ಅಂಗಳದಲ್ಲಿ ನಡೆದರೆ ಖಂಡನೆ, ಚೌಕದಲ್ಲಾದರೆ ಬಂಧನ. ಒಂದೇ ಕೃತಿಯ ತೂಕ ಜಾಗ ಬದಲಾದಂತೆ ಹೇಗೆ ಏರುತ್ತದೆ ಎಂಬುದನ್ನು ಸರ್ಕಾರವೇ ಅಳೆದು ತೋರಿಸಿತು.

ಬೆಂಗಳೂರಿಗೆ ಬರೋಣ. 2015ರ ಜೂನ್‌ನಲ್ಲಿ ಸುಲ್ತಾನ್‌ಪಾಳ್ಯದ ಮುಖ್ಯರಸ್ತೆಯಲ್ಲಿ ನೀರಿನ ಪೈಪು ಒಡೆದು ಹನ್ನೆರಡು ಅಡಿಯ ಹೊಂಡವೇ ಆಗಿತ್ತು. ಮೈಸೂರಿನ ಕಾವಾ ಕಲಾಶಾಲೆಯಲ್ಲಿ ಕಲಿತ ಬಾದಲ್ ನಂಜುಂಡಸ್ವಾಮಿ ಅದರ ಸುತ್ತ ಹಸಿರು ಬಣ್ಣ ಬಳಿದು, ಸುಮಾರು ಇಪ್ಪತ್ತು ಕಿಲೋ ತೂಕದ ಮೊಸಳೆಯನ್ನು ತಂದು ಬಿಟ್ಟರು. ಬೈಕಿನವರು ನಿಲ್ಲಿಸಿ ನೋಡಿದರು, ನಕ್ಕರು, ಫೋಟೊ ಹೊಡೆದರು. ಕೆಲವೇ ದಿನಗಳಲ್ಲಿ ಪಾಲಿಕೆ ಹೊಂಡ ಮುಚ್ಚಿತು. 2019ರಲ್ಲಿ ಹೇರೋಹಳ್ಳಿ ಬಳಿಯ ರಸ್ತೆಯಲ್ಲಿ ನಟ ಪೂರ್ಣಚಂದ್ರ ಮೈಸೂರು ಗಗನಯಾತ್ರಿಯ ಉಡುಪು ತೊಟ್ಟು ಚಂದ್ರನ ಮೇಲೆ ನಡೆದಂತೆ ಮೆಲ್ಲನೆ ಹೆಜ್ಜೆ ಹಾಕಿದರು. ಪಕ್ಕದಲ್ಲಿ ಆಟೋ ಹಾದುಹೋದಾಗಲೇ ಅದು ಚಂದ್ರನಲ್ಲ, ನಮ್ಮದೇ ರಸ್ತೆ ಎಂದು ಗೊತ್ತಾಗುವುದು. ಚಂದ್ರಯಾನ-2ರ ದಿನಗಳವು. ವಿಡಿಯೊ ದೇಶವೆಲ್ಲ ಸುತ್ತಿತು, ರಸ್ತೆ ದುರಸ್ತಿಯೂ ಬೇಗನೆ ಶುರುವಾಯಿತು.

ಈ ಕೃತಿಗಳಲ್ಲಿ ನನಗೆ ಹಿಡಿಸಿದ್ದು ಅವುಗಳ ವಿಳಾಸ. ಉತ್ತರಿಸಬೇಕಾದವರು ಯಾರೆಂದು ಅವಕ್ಕೆ ಚೆನ್ನಾಗಿ ಗೊತ್ತು. ಪಾಲಿಕೆಯ ಎಂಜಿನಿಯರ್ ಬಂದು ಜಲ್ಲಿ ಸುರಿದಾಗಲೇ ಕೃತಿ ಮುಗಿಯುತ್ತದೆ, ಅಳಿಸಿಹೋಗುವುದೇ ಅದರ ಗೆಲುವು. ಎಲಿಯಾಸನ್‌ನ ಹಿಮಕ್ಕೆ ಈ ಭಾಗ್ಯವಿಲ್ಲ. ಆದರೆ ಇಲ್ಲಿಯೇ ಮಿತಿಯೂ ಇದೆ. ಮುಚ್ಚಿದ್ದು ಫೋಟೊ ಬಂದ ಗುಂಡಿ. ಡಾಂಬರಿನ ಮೇಲೆ ನೀರು ನಿಲ್ಲುವುದು, ಚರಂಡಿ ಸರಿಯಿಲ್ಲದಿರುವುದು, ಒಂದು ಇಲಾಖೆ ಹಾಕಿದ ರಸ್ತೆಯನ್ನು ಇನ್ನೊಂದು ಇಲಾಖೆ ಅಗೆಯುವುದು, ಗುತ್ತಿಗೆಯ ಲೆಕ್ಕಾಚಾರ, ಇವಕ್ಕೆ ಮೊಸಳೆಯ ಭಯವಿಲ್ಲ. ರಸ್ತೆಗುಂಡಿಗಳ ಬಗ್ಗೆ 2015ರಲ್ಲೇ ಹೈಕೋರ್ಟಿಗೆ ಸಲ್ಲಿಕೆಯಾದ ಸಾರ್ವಜನಿಕ ಹಿತಾಸಕ್ತಿ ಅರ್ಜಿ ವರ್ಷಾನುಗಟ್ಟಲೆ ನಡೆಯಿತು. ಕಲೆ ಒಂದು ಗುಂಡಿಯನ್ನು ತಕ್ಷಣ ಮುಚ್ಚಿಸಿತು, ನ್ಯಾಯಾಲಯ ಎಲ್ಲ ಗುಂಡಿಗಳ ಲೆಕ್ಕ ಕೇಳಿತು. ಎರಡನೆಯದು ಫೋಟೊಗೆ ಒಗ್ಗುವಂಥದ್ದಲ್ಲ. ಇನ್ನೊಂದು ಮಾತು: ಈ ಕೃತಿಗಳಲ್ಲಿ ಊರಿನವರ ಪಾತ್ರ ನಗುವುದು, ಹಂಚಿಕೊಳ್ಳುವುದಷ್ಟೇ. ದೂರು ಕೊಡುವ, ವಾರ್ಡ್ ಸಭೆಯಲ್ಲಿ ಕೂರುವ ಬೇಸರದ ಕೆಲಸವನ್ನು ಕಲಾವಿದರೊಬ್ಬರಿಗೆ ವಹಿಸಿಕೊಟ್ಟಂತಾಯಿತು.

ಆ ಕೊರತೆಯನ್ನು ತುಂಬಿದ ಪ್ರಯತ್ನವೂ ಇದೇ ಊರಿನಲ್ಲಿದೆ. 2003ರಲ್ಲಿ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿನಿ ಜಸ್ಮೀನ್ ಪತೇಜಾ ಆರಂಭಿಸಿದ 'ಬ್ಲ್ಯಾಂಕ್ ನಾಯ್ಸ್' ಬೀದಿಯಲ್ಲಿ ಹೆಣ್ಣುಮಕ್ಕಳು ಎದುರಿಸುವ ಕಿರುಕುಳವನ್ನು ಎತ್ತಿಕೊಂಡಿತು. ಕಿರುಕುಳಕ್ಕೊಳಗಾದಾಗ ತೊಟ್ಟಿದ್ದ ಬಟ್ಟೆಯನ್ನು ಕೊಡಿ ಎಂದು ಹೆಂಗಸರನ್ನು ಕೇಳಿತು. ಬಂದವು ಸಲ್ವಾರ್, ಸೀರೆ, ಜೀನ್ಸ್, ಶಾಲೆಯ ಯೂನಿಫಾರ್ಮ್. 'ಏನು ಹಾಕಿಕೊಂಡಿದ್ದೆ' ಎಂಬ ಪ್ರಶ್ನೆಯ ಹುಸಿತನಕ್ಕೆ ಆ ಬಟ್ಟೆಗಳ ಸಾಲೇ ಉತ್ತರ. ಉದ್ಯಾನಗಳಲ್ಲಿ ಹೆಂಗಸರು ಚಾಪೆ ಹಾಸಿ ಹಗಲಲ್ಲೇ ನಿದ್ದೆ ಮಾಡುವ ಕಾರ್ಯಕ್ರಮವೂ ನಡೆಯಿತು. ಗಂಡಸು ಪಾರ್ಕಿನ ಬೆಂಚಿನ ಮೇಲೆ ಮಲಗಿದರೆ ಯಾರೂ ತಿರುಗಿ ನೋಡುವುದಿಲ್ಲ, ಹೆಂಗಸು ಕಣ್ಣು ಮುಚ್ಚಬೇಕಾದರೆ ಎದೆಗಟ್ಟಿ ಬೇಕು. ಇಲ್ಲಿ ಪಾಲ್ಗೊಂಡವರು ತಮ್ಮದೇ ಭಯವನ್ನು ಪಣಕ್ಕಿಡುತ್ತಾರೆ. ಕೃತಿ ವೈರಲ್ ಆಗದಿದ್ದರೂ ಅವರ ಪಾಲಿಗೆ ಅದು ಸೋತಂತಲ್ಲ.

ಇದನ್ನೆಲ್ಲ ಹೊರಗಿನಿಂದ ಬಂದ ಹೊಸ ಫ್ಯಾಷನ್ ಎಂದು ತಳ್ಳುವವರಿಗೂ, ಇಲ್ಲಿ ಹಿಂದೆ ಏನೂ ಇರಲಿಲ್ಲವೆಂದು ಭಾವಿಸುವ ಕ್ಯುರೇಟರುಗಳಿಗೂ 'ಸಮುದಾಯ' ಎಂಬ ರಂಗಸಂಘಟನೆಯನ್ನು ನೆನಪಿಸಬೇಕು. 1975ರಲ್ಲಿ ಹುಟ್ಟಿದ ಸಮುದಾಯ 1979ರಲ್ಲಿ ಜಾಥಾ ಹೊರಟು ಕರ್ನಾಟಕದ ಊರೂರಿನ ಬೀದಿಗಳಲ್ಲಿ ಆಡಿತು. ಬಿಹಾರದಲ್ಲಿ ದಲಿತರನ್ನು ಕೊಂದ ಘಟನೆಯ ಮೇಲೆ ರಂಗಕರ್ಮಿ ಸಿಜಿಕೆ ಕಟ್ಟಿದ 'ಬೆಲ್ಚಿ' ಬೀದಿನಾಟಕಕ್ಕೆ ವೇದಿಕೆಯೂ ಬೇಡ, ಟಿಕೆಟ್ಟೂ ಬೇಡ. ಕೈಯಲ್ಲಿ ಸಾಮಗ್ರಿ ಇಲ್ಲದಿದ್ದರೂ ಎದುರಿಗೆ ನಿಂತವರು ಯಾರು, ಅವರ ಊರಿನ ಜಮೀನ್ದಾರ ಯಾರು ಎಂಬುದು ಆ ನಟರಿಗೆ ಗೊತ್ತಿತ್ತು. ಇಂದಿನ ಬಹುಪಾಲು ಇನ್‌ಸ್ಟಲೇಶನ್‌ಗಳಿಗೆ ಸಾಮಗ್ರಿ ಇದೆ, ಪ್ರಾಯೋಜಕರಿದ್ದಾರೆ. ಎದುರಿಗೆ ಯಾರಿದ್ದಾರೆ ಎಂಬುದಷ್ಟೇ ಅವಕ್ಕೆ ಗೊತ್ತಿಲ್ಲ.

ಪತ್ರಿಕೆಗಳಲ್ಲಿ ಕಲೆಯ ಬಗ್ಗೆ ಬರೆಯುವ ಗೆಳೆಯರಲ್ಲಿ ಒಂದು ಮನವಿ. ಉದ್ಘಾಟನೆಯ ದಿನದ ಫೋಟೊ ಹಾಕಿ ಕೈತೊಳೆದುಕೊಳ್ಳಬೇಡಿ. ಆರು ತಿಂಗಳು ಬಿಟ್ಟು ಅದೇ ರಸ್ತೆಗೆ, ಅದೇ ಪಾರ್ಕಿಗೆ, ಅದೇ ಕೇರಿಗೆ ಹೋಗಿ, ಅಲ್ಲಿಯವರನ್ನು ಮಾತಾಡಿಸಿ, ಆಮೇಲೆ ಆ ಕೃತಿಯ ವಿಮರ್ಶೆ ಬರೆಯಿರಿ.