ಸೋಮನ ಮುಖವಾಡ ಮತ್ತು ಮಸಿರೇಖೆಯ ಮಿತಿ-ಸಾಧ್ಯತೆಗಳು

ಹಾಸನ, ತುಮಕೂರು, ಮಂಡ್ಯ ಜಿಲ್ಲೆಗಳ ಗ್ರಾಮದೇವತಾ ಆರಾಧನೆಯಲ್ಲಿ ಸೋಮನ ಕುಣಿತಕ್ಕೆ ವಿಶಿಷ್ಟ ಸ್ಥಾನವಿದೆ. ಸೋಮ ಗ್ರಾಮದೇವತೆಯ ಪರಿವಾರದ ರಕ್ಷಕ ದೈವ. ಮರದಲ್ಲಿ ಕೆತ್ತಿ ಬಣ್ಣ ಬಳಿದ ಮುಖವಾಡವನ್ನು ಬಿದಿರಿನ ಚೌಕಟ್ಟಿಗೆ ಬಿಗಿದು, ನವಿಲುಗರಿ ಹಾಗೂ ಸೀರೆಗಳಿಂದ ಅಲಂಕರಿಸಲಾಗುತ್ತದೆ. ಕೆಂಪು ಮುಖ ಸೌಮ್ಯ ಸ್ವಭಾವವನ್ನು ಸೂಚಿಸಿದರೆ ಹಳದಿ, ಕಪ್ಪು ಮುಖಗಳು ಉಗ್ರತೆಯನ್ನು ಸೂಚಿಸುತ್ತವೆ.

ಇಂತಹ ಮುಖವಾಡವನ್ನು ಮಸಿಯಲ್ಲಿ ಚಿತ್ರಿಸಿದಾಗ ಮೊದಲು ಕಳೆದುಹೋಗುವುದು ಬಣ್ಣ. ಅಂದರೆ ದೈವದ ಗುರುತು. ಆದರೆ ಬಣ್ಣದ ಲೇಪ ಮರೆಮಾಡುವ ಉಳಿಯ ಕೆಲಸ ರೇಖೆಯಲ್ಲಿ ಮೇಲೆದ್ದು ಬರುತ್ತದೆ. ಹುಬ್ಬಿನ ಬಾಗು, ಕಣ್ಣಗುಡ್ಡೆಯ ಉಬ್ಬು, ಮೀಸೆಯ ತಿರುವು ಇವುಗಳನ್ನು ದಪ್ಪ, ತೆಳು ಗೆರೆಗಳ ಅಂತರದಿಂದಲೇ ಗ್ರಹಿಸಬಹುದು. ಜಾತ್ರೆಯ ಛಾಯಾಚಿತ್ರದಲ್ಲಿ ಹೂಮಾಲೆ, ಗರಿಗಳ ನಡುವೆ ಮುಚ್ಚಿಹೋಗುವ ರಚನೆಯನ್ನು ಚಿತ್ರಕಾರನ ಆಯ್ಕೆ ಬಿಡಿಸಿ ತೋರಿಸುತ್ತದೆ. ಆದ್ದರಿಂದ ವಿವರಪೂರ್ಣ ಮಸಿಚಿತ್ರವು ಪುಸ್ತಕದ ಅಲಂಕಾರವಲ್ಲ, ವಸ್ತುವಿನ ಓದು.

ಈ ಓದು ತಪ್ಪುವುದೂ ಉಂಟು. ಅಂದಕ್ಕಾಗಿ ತುಂಬಿದ ಕಪ್ಪು, ಕೆತ್ತನೆಯ ಆಳದ ನೆರಳೋ ಮೀಸೆಗೆ ಬಳಿದ ಬಣ್ಣವೋ ಎಂಬುದು ತಿಳಿಯದಿದ್ದರೆ ಚಿತ್ರ ಎಷ್ಟೇ ಸೂಕ್ಷ್ಮವಾಗಿದ್ದರೂ ದಾಖಲೆಯಾಗಿ ಸೋಲುತ್ತದೆ. ಮುಂಭಾಗವನ್ನಷ್ಟೇ ಬರೆದ ಚಿತ್ರದಲ್ಲಿ ಬಿದಿರಿನ ಕಟ್ಟು ಕಾಣದು. ಕುಣಿಯುವ ಮುಖವಾಡ ಗೋಡೆಗೆ ತೂಗುಹಾಕಿದ ಮುಖವಾಗಿಬಿಡುತ್ತದೆ.

ಹಾಸನ ತಾಲ್ಲೂಕಿನ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯದಲ್ಲಿ ಕಾಳಿಯ ಗುಡಿಯ ಬಾಗಿಲ ಇಕ್ಕೆಲಗಳಲ್ಲಿ ಶಿಲಾಬೇತಾಳಗಳು ನಿಂತಿವೆ. ಹನ್ನೆರಡನೆಯ ಶತಮಾನದ ಆ ದೇವಾಲಯವನ್ನು ಕುರಿತು ಆರ್. ನರಸಿಂಹಾಚಾರ್ಯರ ಪ್ರತ್ಯೇಕ ಗ್ರಂಥ 1919ರಲ್ಲೇ ಮೈಸೂರು ಪುರಾತತ್ತ್ವ ಇಲಾಖೆಯಿಂದ ಪ್ರಕಟವಾಯಿತು. ಬೇತಾಳಕ್ಕೂ ಸೋಮನಿಗೂ ವಂಶಸಂಬಂಧ ಕಲ್ಪಿಸಬೇಕಾಗಿಲ್ಲ. ಎರಡೂ ದೇವಿಯ ಕಾವಲಿನ ಉಗ್ರರೂಪಗಳು ಎಂಬುದಷ್ಟು ಸಾಕು. ಕಲ್ಲಿಗೆ ಸಂದ ಶಾಸ್ತ್ರೀಯ ಗಮನ ಮರಕ್ಕೂ ಸಲ್ಲಬೇಕು. ಕಲ್ಲು ನಿಂತಲ್ಲೇ ಉಳಿಯುತ್ತದೆ. ಮರ ಬಿರಿಯುತ್ತದೆ, ಹುಳು ಹಿಡಿಯುತ್ತದೆ, ಹೊಸ ಬಣ್ಣ ಹಳೆಯ ರೂಪವನ್ನು ಅಳಿಸುತ್ತದೆ.

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಯ ಜನಪದ ವಸ್ತುಗಳನ್ನು ಚಿತ್ರಿಸುವವರು ಮುಂಭಾಗದೊಂದಿಗೆ ಪಕ್ಕ ಮತ್ತು ಹಿಂಬದಿಯ ನೋಟಗಳನ್ನೂ ಕೊಡುವುದು ಅಗತ್ಯ. ಅಳತೆ, ಬಣ್ಣ, ಊರು, ಚಿತ್ರಿಸಿದ ವರ್ಷಗಳನ್ನು ಚಿತ್ರದ ಕೆಳಗೆ ಬರೆಯಬೇಕು. ರೇಖೆ ಹೇಳಲಾರದುದನ್ನು ಅಕ್ಷರ ಹೇಳಿದಾಗಲೇ ಮಸಿಚಿತ್ರ ಸಂಶೋಧನೆಗೆ ಆಕರವಾಗುತ್ತದೆ.