ಕೈಪಿಡಿಯ ದಿಲ್ಲಿ, ಜನರ ದಿಲ್ಲಿ

ದಿಲ್ಲಿಗೆ ಹೊರಟವರ ಕೈಗೆ ಇಂದು ಸಿಗುವ ಪ್ರವಾಸಿ ಕೈಪಿಡಿಗಳು ಬಹುಮಟ್ಟಿಗೆ ಒಂದೇ ಎರಕದವು. ಬೆಳಿಗ್ಗೆ ಕುತುಬ್ ಮಿನಾರ್, ಮಧ್ಯಾಹ್ನ ಕೆಂಪುಕೋಟೆ. ಹಸಿವಾದರೆ ಪರಾಠೆವಾಲಿ ಗಲ್ಲಿ, ಇಲ್ಲವೆ 1913ರಿಂದ ನಡೆದುಬಂದಿರುವ ಕರೀಮ್ ಹೋಟೆಲು. ಗುರುವಾರ ರಾತ್ರಿ ನಿಜಾಮುದ್ದೀನ್ ದರ್ಗಾದ ಕವ್ವಾಲಿ. ಅರಿಯದ ಊರಿನಲ್ಲಿ ದಾರಿ ತೋರುವವನ ಉಪಕಾರ ಸಣ್ಣದೇನಲ್ಲ. ಆದರೆ ಕೈಪಿಡಿಯನ್ನೂ ಒಂದು ಬರವಣಿಗೆಯೆಂದು ಗಣಿಸುವುದಾದರೆ, ಅದನ್ನು ಅಳೆಯಲು ತಕ್ಕ ಅಳತೆಗೋಲು ದಿಲ್ಲಿಯಲ್ಲೇ ಉಂಟು.

ಸಯ್ಯದ್ ಅಹಮದ್ ಖಾನರು 1847ರಲ್ಲಿ ಉರ್ದುವಿನಲ್ಲಿ ಪ್ರಕಟಿಸಿದ ‘ಆಸಾರುಸ್ಸನಾದೀದ್’ ದಿಲ್ಲಿಯ ಕಟ್ಟಡಗಳನ್ನು ಕುರಿತ ಗ್ರಂಥ. ಕುತುಬ್ ಮಿನಾರಿನ ಎತ್ತರದ ಶಾಸನಗಳನ್ನು ಓದಲು ಅವರು ಬುಟ್ಟಿಯೊಂದರಲ್ಲಿ ಕುಳಿತು ಗೋಪುರದ ಪಕ್ಕದಲ್ಲಿ ತೂಗಾಡಿದರೆಂದು ಅವರ ಜೀವನಚರಿತ್ರೆ ಬರೆದ ಹಾಲಿ ಹೇಳುತ್ತಾರೆ. ಇಷ್ಟು ಶ್ರಮಪಟ್ಟವರು ಕಲ್ಲಿಗೇ ನಿಲ್ಲಲಿಲ್ಲ. ನಾಲ್ಕನೆಯ ಅಧ್ಯಾಯವನ್ನು ಊರಿನ ಜನರಿಗೆ ಮೀಸಲಿಟ್ಟರು: ಸಂತರು, ಹಕೀಮರು, ವಿದ್ವಾಂಸರು, ಲಿಪಿಕಾರರು, ಚಿತ್ರಕಾರರು, ಗಾಯಕರು, ಕವಿಗಳ ಸಾಲಿನಲ್ಲಿ ಆಗಿನ್ನೂ ಬದುಕಿದ್ದ ಗಾಲಿಬ್.

1854ರ ಎರಡನೆಯ ಆವೃತ್ತಿ ಹೆಚ್ಚು ಶಿಸ್ತಿನದು. ಕಾಲನಿರ್ಣಯ, ಆಧಾರ, ಕ್ರಮ ಎಲ್ಲವೂ ಮೇಲಾದವು. ಆದರೆ ಜನರ ಅಧ್ಯಾಯ ಬಿದ್ದುಹೋಯಿತು. 1857ರ ದಂಗೆಯ ಬೆನ್ನಿಗೆ ಕೋಟೆಯೊಳಗಿನ ಅರಮನೆಯ ಬಹುಭಾಗವನ್ನು ಬ್ರಿಟಿಷರು ಕೆಡವಿದರು. ಗ್ರಂಥಕ್ಕೆ ನೆರವಾಗಿದ್ದ ವಿದ್ವಾಂಸ ಇಮಾಮ್ ಬಖ್ಶ್ ಸಹಬಾಯಿಯವರೂ ಅವರ ಗುಂಡಿಗೆ ಬಲಿಯಾದರು. ಕಲ್ಲು ಉಳಿಯುತ್ತದೆ, ಮನುಷ್ಯ ಹೋಗುತ್ತಾನೆ ಎಂಬ ನಂಬಿಕೆ ಅಲ್ಲಿ ಸುಳ್ಳಾಯಿತು, ಎರಡೂ ಹೋದವು. ಹೋದ ಜನರ ಚಹರೆ ಉಳಿದದ್ದು ಮೊದಲ ಆವೃತ್ತಿಯಲ್ಲಿ.

ಇಂದಿನ ಕೈಪಿಡಿಗಳು ಎರಡನೆಯ ಆವೃತ್ತಿಯ ಸಂತಾನ; ಅದರ ಶ್ರಮ ಮಾತ್ರ ಇವಕ್ಕೆ ಬಂದಿಲ್ಲ. ಕವ್ವಾಲಿಯನ್ನು ರಾತ್ರಿಯ ವಿನೋದಗಳ ಪಟ್ಟಿಗೆ ಸೇರಿಸುವ ಬರಹಗಾರನು, ಅದು ಹಾಡುವವರಿಗೆ ಉಪಾಸನೆಯೆಂದಾಗಲಿ, ಅಮೀರ್ ಖುಸ್ರೋ ತನ್ನ ಗುರುವಿನ ಸನಿಹದಲ್ಲಿ ಅಲ್ಲೇ ಮಲಗಿದ್ದಾನೆಂದಾಗಲಿ ಒಂದು ಮಾತು ಹೇಳಬೇಡವೆ? ಪರಾಠೆಯ ರುಚಿಯನ್ನು ಹೊಗಳುವವನು ಒಲೆಯ ಮುಂದೆ ಕುಳಿತವನ ಕಡೆಗೆ ಒಮ್ಮೆ ನೋಡಬೇಡವೆ?

ಪುಟ ಸಾಲದೆಂಬ ಸಮಾಧಾನ ಒಪ್ಪತಕ್ಕದ್ದಲ್ಲ. ಹತ್ತು ಸ್ಥಳಗಳಲ್ಲಿ ಎರಡನ್ನು ಬಿಟ್ಟರೆ ಜನರಿಗೆ ಜಾಗವಾಗುತ್ತದೆ. ಹಾಗೆ ಬರೆದ ಕೈಪಿಡಿಯನ್ನು ಹಿಡಿದು ಹೋದವನು ಎರಡು ಗೋರಿಗಳನ್ನು ಕಡಿಮೆ ನೋಡಿ ಬಂದಾನು; ಆದರೆ ದಿಲ್ಲಿಯನ್ನು ನೋಡಿ ಬಂದಾನು.